‘ದೋಷ ಕಂಡುಬಂದಿಲ್ಲ’ ಎಂದ ಕಾರಿಗೆ ರೀಕಾಲ್ ಬಂದ ಕಥೆ

ಮೊದಲ ಸಲ ಕಾರನ್ನು ಸರ್ವಿಸ್ ಸೆಂಟರಿನಿಂದ ವಾಪಸ್ ತಂದಾಗ ಜಾಬ್ ಕಾರ್ಡಿನಲ್ಲಿ, ಅಂದರೆ ನಮ್ಮ ದೂರು ಮತ್ತು ಅವರು ಮಾಡಿದ ಕೆಲಸ ಬರೆಯುವ ಕಾಗದದಲ್ಲಿ, ಹೀಗೆ ಬರೆದಿತ್ತು: ‘ಟೆಸ್ಟ್ ಡ್ರೈವ್ ಮಾಡಲಾಗಿದೆ. ದೋಷ ಕಂಡುಬಂದಿಲ್ಲ.’ ಒಂದು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಅದೇ ಕಾರಿಗೆ, ಅದೇ ದೋಷಕ್ಕೆ, ಕಂಪನಿಯೇ ರೀಕಾಲ್ ಘೋಷಿಸಿತು, ಅಂದರೆ ಸರಿಮಾಡಿಕೊಡಲು ಆ ಮಾಡೆಲ್ಲಿನ ಕಾರುಗಳನ್ನು ವಾಪಸ್ ಕರೆಯಿತು. ಈ ಎರಡರ ನಡುವೆ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಯಾವ ಕಂಪನಿಯ ಕಾರಿನಲ್ಲೂ ಇದು ಆಗಬಹುದು.

ಆದದ್ದು ಇಷ್ಟು. ಹೆದ್ದಾರಿಯಲ್ಲಿ ಒಂದು ಲಾರಿಯನ್ನು ಓವರ್‌ಟೇಕ್ ಮಾಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅಪ್ಪ ತೂಕಡಿಸುತ್ತಿದ್ದರು. ಆಕ್ಸಿಲರೇಟರ್ ಒತ್ತಿದೆ, ಕಾರು ಮುಂದಕ್ಕೆ ಎಳೆಯಲಿಲ್ಲ. ಒಂದೆರಡು ಸಲ ಜಗ್ಗಿತು. ಆಮೇಲೆ ಎಂಜಿನ್ ಸದ್ದೇ ನಿಂತುಹೋಯಿತು. ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಪಕ್ಕದಲ್ಲಿ ಲಾರಿ, ಹಿಂದೆ ಹಾರನ್. ಇದ್ದ ವೇಗದಲ್ಲೇ ಹೇಗೋ ರಸ್ತೆಯ ಅಂಚಿಗೆ ಬಂದು ನಿಲ್ಲಿಸಿದೆ. ಅಪ್ಪ ಎದ್ದು, “ಯಾಕಮ್ಮ, ಊಟಕ್ಕೆ ನಿಲ್ಲಿಸಿದ್ಯಾ?” ಅಂದರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಓಡುವ ಕಾರಿನ ಎಂಜಿನ್ ನಿಂತರೆ ಏನಾಗುತ್ತದೆ ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ. ನನಗೂ ಆಗ ಅಷ್ಟು ಗೊತ್ತಿರಲಿಲ್ಲ. ಬ್ರೇಕ್ ಪೂರ್ತಿ ಹೋಗುವುದಿಲ್ಲ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಎಳೆಯುವ ಗಾಳಿಯ ನಿರ್ವಾತವೇ ಬ್ರೇಕ್ ಬೂಸ್ಟರಿಗೆ ಬಲ ಕೊಡುತ್ತದೆ. ಎಂಜಿನ್ ನಿಂತ ಮೇಲೂ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ. ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಆಗ ಎರಡೂ ಕಾಲಿನ ಶಕ್ತಿ ಹಾಕಬೇಕು. ಅದಕ್ಕೇ ಗಾಬರಿಯಲ್ಲಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡಬಾರದು. ಒಂದೇ ಸಲ ಒತ್ತಿ ಹಿಡಿಯಬೇಕು. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಎಲೆಕ್ಟ್ರಿಕ್ ಆದರೆ ಬ್ಯಾಟರಿಯ ಬಲದಲ್ಲಿ ಸ್ವಲ್ಪ ಹೊತ್ತು ನಡೆಯಬಹುದು. ಕೀ ಮಾತ್ರ ಹೊರಗೆ ತೆಗೆಯಲೇಬಾರದು, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ. ಹಜಾರ್ಡ್ ದೀಪ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಅಂಚಿಗೆ ಇಳಿಸಬೇಕು.

ಸರ್ವಿಸ್ ಸೆಂಟರಿಗೆ ಕಾರನ್ನು ಟೋ ಮಾಡಿಸಿಕೊಂಡು ಹೋದೆವು. ಸರ್ವಿಸ್ ಅಡ್ವೈಸರ್ ಒಳ್ಳೆಯ ಹುಡುಗನೇ. ಎಲ್ಲ ಕೇಳಿಸಿಕೊಂಡು, “ಕ್ಲಚ್ ಬೇಗ ಬಿಟ್ಟಿರ್ತೀರಿ ಮೇಡಂ” ಅಂದ.

“ಇದು ಆಟೋಮ್ಯಾಟಿಕ್ ಕಾರಪ್ಪ. ಕ್ಲಚ್ ಪೆಡಲ್ ಎಲ್ಲಿದೆ, ತೋರಿಸು” ಅಂದೆ.

ಅವನ ಮುಖ ಕೆಂಪಾಯಿತು. ಆಮೇಲೆ ತಪ್ಪು ಪೆಟ್ರೋಲಿನ ಮೇಲೆ ಹೋಯಿತು. ಎಲ್ಲೋ ಕಲಬೆರಕೆ ಪೆಟ್ರೋಲ್ ಹಾಕಿಸಿರಬೇಕು, ಟ್ಯಾಂಕ್ ಕ್ಲೀನ್ ಮಾಡಿಸಿಬಿಡಿ ಅಂದ. ಮಾಡಿಸಿದೆ. ಬಿಲ್ ಕಟ್ಟಿದೆ. ಅಷ್ಟರಲ್ಲಿ ಕಾರು ತಣ್ಣಗಾಗಿತ್ತು. ಕೀ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್. ಟೆಸ್ಟ್ ಡ್ರೈವಿನಲ್ಲಿ ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದಕ್ಕೇ ಆ ಎರಡು ಪದ ಜಾಬ್ ಕಾರ್ಡಿನಲ್ಲಿ ಬಂದವು.

ಅಡ್ವೈಸರ್ ಮೊದಲು ಬರೆದಿದ್ದ ದೂರು ಬೇರೆಯೇ ಇತ್ತು: ‘ಪಿಕಪ್ ಕಡಿಮೆ’. ನಾನು ಅದನ್ನು ಒಪ್ಪಲಿಲ್ಲ. ‘ಹೆದ್ದಾರಿಯಲ್ಲಿ ಓಡುತ್ತಿರುವಾಗ ಎಂಜಿನ್ ತಾನಾಗಿ ನಿಂತಿತು’ ಅಂತ ಬರೆಯಿಸಿ, ಕಿಲೋಮೀಟರ್ ಎಷ್ಟಾಗಿದೆ ಅಂತಲೂ ಹಾಕಿಸಿ, ಆಮೇಲೆ ಸಹಿ ಮಾಡಿದೆ. ಹುಡುಗನಿಗೆ ಬೇಸರ ಆಯಿತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕಾಗದದ ವಿಷಯದಲ್ಲಿ ಸ್ವಲ್ಪ ಹಟಮಾರಿ. ಆ ಹಟ ಮುಂದೆ ಕೆಲಸಕ್ಕೆ ಬಂತು.

ಕಾರು ಮತ್ತೆ ನಿಂತಿತು. ಆ ಸಲ ಏರುದಾರಿಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತಿತ್ತು. ಬಿಸಿಯಾದಾಗ ಕೆಡುವುದು, ತಣ್ಣಗಾದಾಗ ಸರಿಯಾಗುವುದು. ವರ್ಕ್‌ಶಾಪಿಗೆ ಹೋಗುವಷ್ಟರಲ್ಲಿ ಒಳ್ಳೆ ಮಗುವಿನ ಹಾಗೆ ಇರುತ್ತಿತ್ತು. ಇಂಥ ದೋಷವನ್ನು ಹಿಡಿಯುವುದು ಕಷ್ಟ ಅಂತ ನಾನು ಒಪ್ಪುತ್ತೇನೆ. ಆದರೆ ಹಿಡಿಯಲು ಆಗಲಿಲ್ಲ ಅನ್ನೋದು ಬೇರೆ, ದೋಷವೇ ಇಲ್ಲ ಅಂತ ಬರೆದುಕೊಡುವುದು ಬೇರೆ ಅಲ್ವಾ?

ನಮ್ಮ ಚಿಕ್ಕಪ್ಪನ ಮಗನಿಗೆ ಕಾರಿನ ಹುಚ್ಚು. ಅವನು ಒಂದು ಚಿಕ್ಕ ಓಬಿಡಿ ಸ್ಕ್ಯಾನರ್ ತಂದುಕೊಟ್ಟ. ಸ್ಟೀರಿಂಗ್ ಕೆಳಗಿರುವ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ, ಕಾರಿನ ಕಂಪ್ಯೂಟರ್ ಏನು ಹೇಳುತ್ತಿದೆ ಅಂತ ಫೋನಿನಲ್ಲಿ ನೋಡಬಹುದು. “ಅಕ್ಕಾ, ನಿಂತ ತಕ್ಷಣ ನೋಡು. ವರ್ಕ್‌ಶಾಪಿಗೆ ಹೋದ ಮೇಲೆ ನೋಡಿದರೆ ಪ್ರಯೋಜನ ಇಲ್ಲ” ಅಂದ. ಅವನು ಹೇಳಿದ್ದು ನಿಜ. ಒಂದೇ ಸಲ ಕಂಡ ದೋಷವನ್ನು ಕಂಪ್ಯೂಟರ್ ಕೆಲವೊಮ್ಮೆ ‘ಪೆಂಡಿಂಗ್’ ಅಂತ ಮಾತ್ರ ಇಟ್ಟುಕೊಳ್ಳುತ್ತದೆ. ಮುಂದಿನ ಓಡಾಟಗಳಲ್ಲಿ ದೋಷ ಕಾಣದಿದ್ದರೆ ಅದು ತಾನಾಗಿ ಅಳಿಸಿಹೋಗುತ್ತದೆ. ಮೆಕ್ಯಾನಿಕ್ಕುಗಳೂ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿಯೇ ಕೆಲಸ ಶುರು ಮಾಡುವುದುಂಟು.

ಮುಂದಿನ ಸಲ ಕಾರು ನಿಂತಾಗ ಅಲ್ಲೇ ಕೂತು ನೋಡಿದೆ. ಪಿ0087. ಅಂದರೆ ಎಂಜಿನ್ನಿಗೆ ಹೋಗುವ ಇಂಧನದ ಒತ್ತಡ ಬೇಕಾದಷ್ಟು ಇಲ್ಲ. ಅದರ ಜೊತೆಗೇ ‘ಫ್ರೀಜ್ ಫ್ರೇಮ್’ ಅನ್ನುವ ದಾಖಲೆಯೂ ಸಿಕ್ಕಿತು. ದೋಷ ಕಂಡ ಆ ಕ್ಷಣದ ವೇಗ, ಎಂಜಿನ್ನಿನ ಸುತ್ತು, ಉಷ್ಣತೆ ಎಲ್ಲ ಅದರಲ್ಲಿ ಇರುತ್ತದೆ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಅಪ್ಪ ಪಕ್ಕದಲ್ಲಿ ಕೂತು, “ಕಾರು ಕೆಟ್ಟರೆ ಮೊದಲು ಬಾನೆಟ್ ತೆಗೆಯುತ್ತಿದ್ದೆವು, ಈಗ ಫೋನ್ ತೆಗೆಯಬೇಕು” ಅಂದರು.

ಒತ್ತಡ ಯಾಕೆ ಇಲ್ಲ? ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಸುತ್ತಲೂ ಇರುವ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಅದರೊಳಗೆ ಇಂಪೆಲ್ಲರ್ ಅಂತ ಒಂದು ಚಿಕ್ಕ ಪ್ಲಾಸ್ಟಿಕ್ ಚಕ್ರ ಇದೆ. ಅದು ತಿರುಗಿದರೆ ಪೆಟ್ರೋಲ್ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಚಕ್ರಕ್ಕೂ ಅದರ ಗೂಡಿಗೂ ನಡುವೆ ಇರುವ ಜಾಗ ತೀರಾ ಕಡಿಮೆ. ಪ್ಲಾಸ್ಟಿಕ್ಕಿನ ಸಾಂದ್ರತೆ ಕಡಿಮೆಯಾಗಿದ್ದರೆ ಅದು ದಿನ ಕಳೆದಂತೆ ಪೆಟ್ರೋಲನ್ನು ಹೀರಿಕೊಂಡು ಉಬ್ಬುತ್ತದೆ. ಉಬ್ಬಿದ ಚಕ್ರ ಗೂಡಿಗೆ ಉಜ್ಜುತ್ತದೆ. ಮೋಟಾರ್ ತಿಣುಕುತ್ತದೆ. ಕೊನೆಗೆ ನಿಂತೇ ಬಿಡುತ್ತದೆ. ಬಿಸಿ ಜಾಸ್ತಿಯಾದಷ್ಟೂ ಇದು ಬೇಗ ಆಗುತ್ತದೆ. 2020ರಿಂದ ಈಚೆಗೆ ಬೇರೆ ಬೇರೆ ಕಂಪನಿಗಳ ಲಕ್ಷಾಂತರ ಕಾರುಗಳು ಇಂಥದೇ ಇಂಪೆಲ್ಲರ್ ದೋಷಕ್ಕೆ ರೀಕಾಲ್ ಆಗಿವೆ. ಒಂದೇ ಬಿಡಿಭಾಗವನ್ನು ಒಬ್ಬರೇ ಹಲವು ಕಾರು ಕಂಪನಿಗಳಿಗೆ ಮಾಡಿಕೊಡುವುದು ಈ ಉದ್ಯಮದಲ್ಲಿ ಮಾಮೂಲು. ಹಾಗಾಗಿ ತಪ್ಪು ಒಂದು ಕಡೆ ಆದರೂ ಹತ್ತು ಕಡೆ ಹರಡುತ್ತದೆ.

ಈ ಹರಡುವಿಕೆಗೆ ಟಕಾಟಾ ಅನ್ನುವ ಕಂಪನಿಯ ಏರ್‌ಬ್ಯಾಗಿಗಿಂತ ದೊಡ್ಡ ಉದಾಹರಣೆ ಇಲ್ಲ. ಅವರು ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ತೇವ, ಸೆಖೆ ತಿಂದ ಆ ರಾಸಾಯನಿಕ ಬೇಕಾದ್ದಕ್ಕಿಂತ ವೇಗವಾಗಿ ಉರಿಯುತ್ತಿತ್ತು. ಅದನ್ನು ತುಂಬಿದ ಲೋಹದ ಡಬ್ಬಿ (ಇನ್‌ಫ್ಲೇಟರ್) ಸಿಡಿದು ಚೂರುಗಳು ಡ್ರೈವರಿನ ಮುಖಕ್ಕೆ, ಕತ್ತಿಗೆ ಹೊಡೆಯುತ್ತಿದ್ದವು. 2008ರಲ್ಲಿ ಶುರುವಾದ ಮೊದಲ ರೀಕಾಲ್ ನಾಲ್ಕು ಸಾವಿರ ಕಾರುಗಳದ್ದು. ಕೊನೆಗೆ ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ವಾಪಸ್ ಕರೆಯಬೇಕಾಯಿತು. 2017ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, ಅದೇ ವರ್ಷ ದಿವಾಳಿಯೂ ಆಯಿತು. ನಾಲ್ಕು ಸಾವಿರ ಇದ್ದದ್ದು ಕೋಟಿಗಳಿಗೆ ಹೋಗುವುದರ ಒಳಗೆ ಎಷ್ಟು ಜನ ‘ನಮ್ಮ ಕಾರು ಲಿಸ್ಟಿನಲ್ಲಿ ಇಲ್ಲ’ ಅಂತ ನೆಮ್ಮದಿಯಾಗಿ ಓಡಿಸಿರಬಹುದು, ಯೋಚಿಸಿ.

ನನ್ನ ವಿಷಯಕ್ಕೆ ಬರುತ್ತೇನೆ. ಸ್ಕ್ರೀನ್‌ಶಾಟ್ ಹಿಡಿದುಕೊಂಡು ಮತ್ತೆ ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಫೋನ್ ನೋಡಿ, ಇದು ಕಂಪನಿಯ ಸ್ಕ್ಯಾನರ್ ಅಲ್ಲ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಅಂದರು. ಸರಿ, ನಿಮ್ಮ ಸ್ಕ್ಯಾನರ್ ಹಾಕಿ ಅಂದೆ. ಹಾಕಿದರು. ಕೋಡ್ ಅಲ್ಲೇ ಇತ್ತು. ಕೂಡಲೇ ಧ್ವನಿ ಬದಲಾಯಿತು. ಆ ದಿನದ ಜಾಬ್ ಕಾರ್ಡಿನಲ್ಲಿ ಕೋಡಿನ ಸಂಖ್ಯೆಯೂ ಸೇರಿತು.

ಕಾರು ತೆಗೆದುಕೊಂಡು ಹೊರಡುವಾಗ ಒಬ್ಬ ಹಿರಿಯ ಮೆಕ್ಯಾನಿಕ್ ಗೇಟಿನ ಹತ್ತಿರ ಸಿಕ್ಕಿದರು. “ಅಮ್ಮ, ಈ ಮಾಡೆಲ್ಲಿನ ಪಂಪಿನ ಬಗ್ಗೆ ಮೇಲಿಂದ ಒಂದು ಬುಲೆಟಿನ್ ಬಂದಿದೆ. ನೀವು ಕೇಳಿದರೆ ಇಲ್ಲ ಅನ್ನೋಕೆ ಆಗಲ್ಲ” ಅಂದರು. ಅವರಿಗೆ ತೊಂದರೆಯಾಗಬಾರದು ಅಂತ ಇಲ್ಲಿ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಬುಲೆಟಿನ್ ಅಂದರೆ ಕಂಪನಿ ತನ್ನ ವರ್ಕ್‌ಶಾಪುಗಳಿಗೆ ಕಳಿಸುವ ತಾಂತ್ರಿಕ ಸೂಚನೆ. ಗ್ರಾಹಕ ಈ ರೀತಿ ದೂರು ಕೊಟ್ಟರೆ ಹೀಗೆ ನೋಡಿ, ಈ ಭಾಗ ಬದಲಿಸಿ ಅಂತ ಇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಬಾಗಿಲ ರಬ್ಬರು, ಎಸಿಯ ವಾಸನೆ, ಇಂಥವಕ್ಕೆಲ್ಲ ಬುಲೆಟಿನ್ ಸಾಕು. ಆದರೆ ಬುಲೆಟಿನ್ನಿನಲ್ಲಿ ದೂರು ಕೊಟ್ಟವರಿಗೆ ಮಾತ್ರ ಭಾಗ ಬದಲಾಗುತ್ತದೆ. ದೂರು ಕೊಡದವರಿಗೆ ವಿಷಯವೇ ತಿಳಿಯುವುದಿಲ್ಲ. ರೀಕಾಲಿನಲ್ಲಿ ಹಾಗಲ್ಲ. ದೋಷ ಇನ್ನೂ ಕಾಣದ ಕಾರಿನ ಮಾಲೀಕನನ್ನೂ ಹುಡುಕಿ ಹೇಳಬೇಕು, ಸರ್ಕಾರಕ್ಕೂ ತಿಳಿಸಬೇಕು, ರಿಪೇರಿ ಉಚಿತವಾಗಿ ಮಾಡಬೇಕು. ಅಮೆರಿಕದಲ್ಲಿ ಇಂಥ ಬುಲೆಟಿನ್ನುಗಳ ಪ್ರತಿಯನ್ನು ಕಂಪನಿಗಳು ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಕೊಡಲೇಬೇಕು, ಅಲ್ಲಿ ಯಾರು ಬೇಕಾದರೂ ಓದಬಹುದು. ನನಗೆ ನನ್ನ ಬುಲೆಟಿನ್ ಕಣ್ಣಿಗೆ ಬಿದ್ದಿಲ್ಲ.

ಬುಲೆಟಿನ್ ಇದೆಯಾ ಅಂತ ಕಂಪನಿಗೆ ನೇರವಾಗಿ ಇಮೇಲ್ ಹಾಕಿದೆ. ಅದಕ್ಕೆ ಉತ್ತರವಿಲ್ಲ. ಬದಲಿಗೆ ಒಂದು ವಾರದಲ್ಲಿ ಮ್ಯಾನೇಜರ್ ಫೋನ್ ಮಾಡಿದರು. “ಮೇಡಂ, ಕಂಪನಿ ನಿಮಗೆ ಗುಡ್‌ವಿಲ್ ಮೇಲೆ ಪಂಪ್ ಫ್ರೀ ಆಗಿ ಹಾಕಿಕೊಡ್ತಾರೆ. ಒಂದು ಲೆಟರಿಗೆ ಸೈನ್ ಮಾಡಿದರೆ ಸಾಕು.” ಲೆಟರ್ ಓದಿದೆ. ಇದು ಕಂಪನಿಯ ಔದಾರ್ಯ ಮಾತ್ರ, ದೋಷವನ್ನು ಒಪ್ಪಿಕೊಂಡಂತಲ್ಲ ಅಂತ ಮೊದಲ ಸಾಲು. ಇರಲಿ ಬಿಡಿ. ಎರಡನೆಯದು: ಇದೇ ವಿಷಯವಾಗಿ ನಾನು ಮುಂದೆ ಎಲ್ಲೂ ಯಾವ ದೂರನ್ನೂ ಕೊಡುವುದಿಲ್ಲ.

ಪಂಪ್ ಬೇಕಿತ್ತು. ಅಪ್ಪನನ್ನು ಪದೇ ಪದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಕಾರು ಇಲ್ಲದೆ ನಡೆಯುತ್ತಿರಲಿಲ್ಲ. ಆದರೂ ಎರಡನೇ ಸಾಲು ಗಂಟಲಲ್ಲಿ ಇಳಿಯಲಿಲ್ಲ. ಆ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ ಕೊಟ್ಟೆ. ಮ್ಯಾನೇಜರ್ ಅದನ್ನು ತೆಗೆದುಕೊಳ್ಳಲಿಲ್ಲ. ಹಾಗಾದರೆ ಪಂಪ್ ಇಲ್ಲ ಅಂದರು. ಪಂಪ್ ಇಲ್ಲದೇ ವಾಪಸ್ ಬಂದೆ. ಮನೆಯಲ್ಲಿ ಅಪ್ಪ, “ಸುಮ್ನೆ ಸೈನ್ ಮಾಡಬಾರದಾಗಿತ್ತೇನಮ್ಮ?” ಅಂದರು. ಆ ಹೊತ್ತಿಗೆ ಅವರ ಮಾತು ಸರಿ ಅನಿಸಿದ್ದೂ ಉಂಟು. ಹೆದ್ದಾರಿ ಬಿಟ್ಟು ಸಣ್ಣ ರಸ್ತೆಯಲ್ಲೇ ಓಡಿಸತೊಡಗಿದೆ, ದೂರಕ್ಕೆ ಹೋಗುವುದಿದ್ದರೆ ಬಾಡಿಗೆ ಕಾರು.

ಕಂಪನಿಯಿಂದ ಆಮೇಲೆ ಬಂದ ಉತ್ತರದಲ್ಲಿ ಒಂದು ಮಾತು ಇತ್ತು. ಎಂಜಿನ್ ನಿಂತರೂ ಸ್ಟೀರಿಂಗ್, ಬ್ರೇಕ್ ಎರಡೂ ಕೆಲಸ ಮಾಡುತ್ತವೆ, ಆದ್ದರಿಂದ ಇದು ಸುರಕ್ಷತೆಯ ವಿಷಯವಲ್ಲ, ಗ್ರಾಹಕರ ಅನುಕೂಲದ ವಿಷಯ.

ಈ ವಾದ ಹಳೆಯದು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ ಪ್ರಕರಣದಲ್ಲಿ ಆದದ್ದೂ ಇದೇ. ಸ್ವಿಚ್ಚಿನ ಬಿಗಿ ಕಡಿಮೆ ಇತ್ತು. ಭಾರದ ಕೀ ಗೊಂಚಲು ತೂಗಿದರೆ, ಮೊಣಕಾಲು ತಾಗಿದರೆ, ಓಡುವ ಕಾರಿನ ಕೀ ತಾನಾಗಿ ತಿರುಗಿ ಎಂಜಿನ್ ಆಫ್ ಆಗುತ್ತಿತ್ತು. ಕಂಪನಿಯ ಒಳಗೆ ಅದನ್ನು ವರ್ಷಗಟ್ಟಲೆ ಗ್ರಾಹಕರ ಅನುಕೂಲದ ಸಮಸ್ಯೆ ಅಂತ ಪರಿಗಣಿಸಿದ್ದರು ಎಂದು ಕಂಪನಿಯೇ ಮಾಡಿಸಿದ ತನಿಖೆ 2014ರಲ್ಲಿ ಹೇಳಿತು. ಕೀ ಆಫ್ ಆದರೆ ಏರ್‌ಬ್ಯಾಗೂ ಆಫ್ ಆಗುತ್ತದೆ ಅನ್ನುವುದನ್ನು ಅವರು ಜೋಡಿಸಿ ನೋಡಲಿಲ್ಲ. 2006ರಲ್ಲಿ ಒಬ್ಬ ಎಂಜಿನಿಯರ್ ಸ್ವಿಚ್ಚಿನ ವಿನ್ಯಾಸ ಬದಲಿಸಲು ಒಪ್ಪಿಗೆ ಕೊಟ್ಟರು, ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ಒಂದೇ ನಂಬರ್. ಆಮೇಲೆ ಹುಡುಕಿದವರಿಗೆ, ಹಳೆಯ ಕಾರುಗಳಲ್ಲಿ ಮಾತ್ರ ಯಾಕೆ ಹೀಗಾಗುತ್ತಿದೆ ಅಂತ ಬಹಳ ಕಾಲ ಗೊತ್ತೇ ಆಗಲಿಲ್ಲ. ರೀಕಾಲ್ ಬಂದದ್ದು 2014ರಲ್ಲಿ. ಕಂಪನಿ ತೆರೆದ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಕೊಟ್ಟಿತು. ಮರುವರ್ಷ 90 ಕೋಟಿ ಡಾಲರ್ ಕಟ್ಟಿ ಕ್ರಿಮಿನಲ್ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಹೆದರಿಕೆಗಿಂತ ಸಿಟ್ಟಿನಿಂದ. ಮರುದಿನ ಸರ್ಕಾರದ ವಾಹನ ಸುರಕ್ಷತಾ ವಿಭಾಗದ ಆನ್‌ಲೈನ್ ದೂರಿನ ಫಾರಂ ತೆರೆದೆ. ಕೇಳುವುದು ಹೆಚ್ಚೇನಲ್ಲ: ಚಾಸಿ ನಂಬರ್, ಯಾವ ದಿನ, ಎಷ್ಟು ವೇಗ, ಎಷ್ಟು ಕಿಲೋಮೀಟರ್ ಓಡಿದೆ, ಅಪಘಾತ ಆಯಿತೇ, ಗಾಯ ಆಯಿತೇ. ಜಾಬ್ ಕಾರ್ಡ್, ಸ್ಕ್ರೀನ್‌ಶಾಟ್, ಆ ಗುಡ್‌ವಿಲ್ ಲೆಟರಿನ ಪ್ರತಿ ಎಲ್ಲ ಲಗತ್ತಿಸಿದೆ. ಸಿಟ್ಟನ್ನು ಮಾತ್ರ ಬಿಟ್ಟೆ. ಇಂಥ ಫಾರಂ ಓದುವವರಿಗೆ ನಮ್ಮ ಬೈಗುಳದಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದ್ದು ಹೋಲಿಕೆ: ಒಂದೇ ಮಾಡೆಲ್, ಒಂದೇ ಕಾಲದಲ್ಲಿ ತಯಾರಾದ ಕಾರು, ಒಂದೇ ತರಹದ ದೂರು.

ಒಂದು ವಿಷಯ ಇಲ್ಲಿ ತಿಳಿದಿರಬೇಕು. ಈ ವಿಭಾಗಗಳು ನಿಮ್ಮ ಕಾರನ್ನು ಸರಿಮಾಡಿಸಿಕೊಡುವುದಿಲ್ಲ. ನಿಮ್ಮ ಪರವಾಗಿ ಕಂಪನಿಯ ಜೊತೆ ಜಗಳ ಆಡುವುದೂ ಇಲ್ಲ. ದುಡ್ಡು ವಾಪಸ್ ಬೇಕಿದ್ದರೆ ಅದಕ್ಕೆ ಗ್ರಾಹಕರ ನ್ಯಾಯಾಲಯದ ದಾರಿಯೇ ಬೇರೆ. ಇಲ್ಲಿ ನಿಮ್ಮ ದೂರು ಒಂದು ರಾಶಿಗೆ ಸೇರುತ್ತದೆ. ರಾಶಿ ಬೆಳೆದರೆ ಯಾರೋ ಒಬ್ಬರು ತಲೆಯೆತ್ತಿ ನೋಡುತ್ತಾರೆ. ಭಾರತದ ಕಾನೂನಿನಲ್ಲಂತೂ ಈ ಎಣಿಕೆ ನೇರವಾಗಿಯೇ ಬರೆದಿದೆ. 2012ರಿಂದ ವಾಹನ ತಯಾರಕರ ಸಂಘದ್ದೇ ಒಂದು ಸ್ವಯಂಪ್ರೇರಿತ ನಿಯಮ ಇತ್ತು. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಸೆಕ್ಷನ್ ಸೇರಿಸಿತು. ಇಂತಿಷ್ಟು ಪ್ರಮಾಣದ ಮಾಲೀಕರು ಒಂದೇ ದೋಷದ ದೂರು ಕೊಟ್ಟರೆ ಸರ್ಕಾರವೇ ರೀಕಾಲಿಗೆ ಆದೇಶ ಮಾಡಬಹುದು. ದೂರು ಕೊಟ್ಟವರ ಪಾಲು ಎಷ್ಟು ಅನ್ನೋದರ ಮೇಲೆ ಕಾನೂನು ನಿಂತಿರುವಾಗ, ‘ದೋಷ ಕಂಡುಬಂದಿಲ್ಲ’ ಅಂತ ಮುಚ್ಚಿದ ಜಾಬ್ ಕಾರ್ಡ್ ಯಾರ ಲೆಕ್ಕಕ್ಕೆ ಹೋಗುತ್ತದೆ?

ಆಮೇಲೆ ಕೆಲವು ತಿಂಗಳು ಏನೂ ಇಲ್ಲ. ಆ ತಿಂಗಳುಗಳ ಬಗ್ಗೆ ಬರೆಯಲೂ ಏನಿಲ್ಲ.

ರೀಕಾಲಿನ ಸುದ್ದಿ ನನಗೆ ಕಂಪನಿಯಿಂದ ತಿಳಿಯಲಿಲ್ಲ. ಚಿಕ್ಕಪ್ಪನ ಮಗ ಬೆಳಿಗ್ಗೆಯೇ ಫೋನ್ ಮಾಡಿ, “ಅಕ್ಕಾ, ನಿನ್ನ ಪಂಪ್ ಪೇಪರಿನಲ್ಲಿ ಬಂದಿದೆ!” ಅಂದ. ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ಚಾಸಿ ನಂಬರ್ ಕೇಳಿ ಟೈಪ್ ಮಾಡಿ, “ನಿಮ್ಮ ಕಾರು ರೀಕಾಲಿನಲ್ಲಿ ಬರೋದಿಲ್ಲ ಮೇಡಂ” ಅಂದಳು. ಹೇಗೆ ಸಾಧ್ಯ? ನಂಬರನ್ನು ಓದಿ ಹೇಳಮ್ಮ ಅಂದೆ. ಅವಳು ಸೊನ್ನೆ ಇರುವ ಜಾಗದಲ್ಲಿ ‘ಓ’ ಹಾಕಿದ್ದಳು. 17 ಅಕ್ಷರಗಳ ಈ ನಂಬರಿನಲ್ಲಿ ಐ, ಓ, ಕ್ಯೂ ಮೂರು ಅಕ್ಷರ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದು ಅಂತಲೇ ಬಿಟ್ಟಿದ್ದಾರೆ. ಅವರ ಕಂಪ್ಯೂಟರ್ ‘ಓ’ ಅನ್ನು ಸುಮ್ಮನೆ ಒಪ್ಪಿಕೊಂಡು ‘ಇಲ್ಲ’ ಅಂದಿತ್ತು. ಸರಿಯಾಗಿ ಹಾಕಿದ ಮೇಲೆ, “ಹೌದು ಮೇಡಂ, ಇದೆ” ಅಂದಳು. ಎಷ್ಟು ಜನ ಮೊದಲ ಉತ್ತರಕ್ಕೇ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಿರುತ್ತಾರೋ.

ರೀಕಾಲ್ ಪತ್ರ ಆಮೇಲೆ ಬಂತು. ಪತ್ರ ಚೆನ್ನಾಗಿಯೇ ಇತ್ತು. ‘ಓಡುವಾಗ ಎಂಜಿನ್ ನಿಲ್ಲಬಹುದು, ಅಪಘಾತದ ಸಂಭವ ಹೆಚ್ಚಬಹುದು’ ಅಂತ ಸ್ಪಷ್ಟವಾಗಿ ಬರೆದಿದ್ದರು. ನನಗೆ ಅನುಕೂಲದ ವಿಷಯ ಅಂತ ಬರೆದ ಅದೇ ಕಂಪನಿ. ಬಿಡಿಭಾಗ ಇನ್ನೂ ಬಂದಿಲ್ಲ, ಬಂದಾಗ ತಿಳಿಸುತ್ತೇವೆ ಅಂತ ಕೊನೆಯಲ್ಲಿ ಇತ್ತು. ಲಕ್ಷಗಟ್ಟಲೆ ಪಂಪು ಒಂದೇ ಸಲ ತಯಾರಿಸಲು ಆಗುವುದಿಲ್ಲ ಅನ್ನೋದು ಅರ್ಥವಾಗುತ್ತದೆ. ಆದರೆ ಅಪಾಯ ಇದೆ ಅಂತ ಹೇಳಿದ ಮೇಲೂ ಅದೇ ಕಾರನ್ನು ಓಡಿಸುತ್ತಿರಬೇಕು. ಬದಲಿ ಕಾರು ಕೊಡ್ತೀರಾ ಅಂತ ಕೇಳಿದೆ. ಮೊದಲು ಇಲ್ಲ ಅಂದರು. ಲಿಖಿತವಾಗಿ ಇಲ್ಲ ಅನ್ನಿ ಅಂದ ಮೇಲೆ ಕೊಟ್ಟರು. ‘ಲಿಖಿತವಾಗಿ’ ಅಂದರೆ ಎಷ್ಟೋ ಬಾಗಿಲು ತೆರೆಯುತ್ತವೆ.

ಕಂಪನಿ ಸರ್ಕಾರಕ್ಕೆ ಕೊಟ್ಟ ರೀಕಾಲ್ ವರದಿ ಆನ್‌ಲೈನಿನಲ್ಲಿ ಸಿಕ್ಕಿತು. ಸಾಮಾನ್ಯವಾಗಿ ಯಾರೂ ಓದದ ಕಾಗದ ಅದು. ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅದರಲ್ಲಿ ಘಟನೆಗಳ ದಿನಾಂಕದ ಪಟ್ಟಿ ಇರುತ್ತದೆ: ಮೊದಲ ದೂರು ಯಾವಾಗ ಬಂತು, ಯಾವಾಗ ಪರೀಕ್ಷೆ ಶುರುಮಾಡಿದರು, ಯಾವಾಗ ಇದು ಸುರಕ್ಷತೆಯ ದೋಷ ಅಂತ ತೀರ್ಮಾನಿಸಿದರು. ಹೊಣೆಗಾರಿಕೆ ಅನ್ನೋದು ಇರುವುದೇ ಈ ದಿನಾಂಕಗಳಲ್ಲಿ. ಅಮೆರಿಕದಲ್ಲಿ ದೋಷ ಇದೆ ಅಂತ ಕಂಪನಿ ತೀರ್ಮಾನಿಸಿದ ಮೇಲೆ ಐದು ಕೆಲಸದ ದಿನಗಳ ಒಳಗೆ ಸರ್ಕಾರಕ್ಕೆ ತಿಳಿಸಬೇಕು. ಹಾಗಾಗಿ ‘ನಮಗೆ ಗೊತ್ತಾದದ್ದು ಯಾವಾಗ’ ಅನ್ನುವ ಪ್ರಶ್ನೆಗೆ ಲಕ್ಷಾಂತರ ಡಾಲರಿನ ತೂಕ. ಬೇರೆ ದೇಶದಲ್ಲಿ ಗೊತ್ತಾಗಿದ್ದರೂ ಸುಮ್ಮನಿರುವಂತಿಲ್ಲ. ಆ ನಿಯಮ ಬಂದದ್ದು ಫೈರ್‌ಸ್ಟೋನ್ ಟೈರಿನ ಪ್ರಕರಣದಿಂದ. ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಲ್ಲಿ ಟೈರಿನ ಮೇಲ್ಪದರ ಕಿತ್ತುಬಂದು ಕಾರು ಮಗುಚಿಬೀಳುತ್ತಿತ್ತು. ಅಮೆರಿಕದಲ್ಲಿ 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳ ರೀಕಾಲ್ ಆಗುವ ಮೊದಲೇ ಸೌದಿ ಅರೇಬಿಯಾ ಮತ್ತಿತರ ಕಡೆ ಟೈರು ಬದಲಿಸಿಕೊಡುವ ಕೆಲಸ ನಡೆದಿತ್ತು. ಅದೇ ವರ್ಷ ಅಮೆರಿಕದಲ್ಲಿ ಹೊಸ ಕಾನೂನು ಬಂತು.

ನನ್ನ ಕಾರಿನ ಪಟ್ಟಿಯಲ್ಲಿ ‘ಮೊದಲ ಕ್ಷೇತ್ರ ವರದಿ’ (ಅಂದರೆ ಓಡಾಡುತ್ತಿರುವ ಕಾರಿನಲ್ಲಿ ದೋಷ ಕಂಡ ಮೊದಲ ದಾಖಲೆ) ಅನ್ನುವ ಸಾಲಿನ ಮುಂದೆ ಒಂದು ತಿಂಗಳ ಹೆಸರಿತ್ತು. ನನ್ನ ಮೊದಲ ಜಾಬ್ ಕಾರ್ಡಿನ ತಾರೀಕು ಅದಕ್ಕಿಂತ ಮೊದಲಿನದು.

ಕಂಪನಿಗೆ ಬರೆದೆ. ಒಂದೇ ಪ್ರಶ್ನೆ: ನನ್ನ ದೂರು ಈ ಪಟ್ಟಿಯಲ್ಲಿ ಯಾಕಿಲ್ಲ? ಈ ಸಲ ಉತ್ತರ ಬೇಗ ಬಂತು, ತುಂಬ ಮರ್ಯಾದೆಯ ಭಾಷೆಯಲ್ಲಿ. ನಿಮ್ಮ ಮೊದಲ ಭೇಟಿಯಲ್ಲಿ ಲಕ್ಷಣ ದೃಢಪಟ್ಟಿರಲಿಲ್ಲ, ಆದ್ದರಿಂದ ಅದು ಕ್ಷೇತ್ರ ವರದಿ ಎಂದು ದಾಖಲಾಗಿಲ್ಲ. ಅಂದರೆ ವರ್ಕ್‌ಶಾಪ್ ನೋಡಿ ಕಾಣಲಿಲ್ಲ ಅಂದರೆ, ಮೇಲಿನವರ ಪಾಲಿಗೆ ಅದು ನಡೆದೇ ಇಲ್ಲ. ನನ್ನ ಹಾಗೆ ಎಷ್ಟು ಜನರ ಟ್ಯಾಂಕ್ ಕ್ಲೀನ್ ಮಾಡಿ ಕಳಿಸಿದ್ದಾರೋ, ಅವರೆಲ್ಲ ಲೆಕ್ಕದ ಹೊರಗೆ. ಯಾರೋ ಕೂತು ಮುಚ್ಚಿಹಾಕಿದರು ಅಂತ ನನಗೆ ಅನಿಸುವುದಿಲ್ಲ. ಮುಚ್ಚುವ ಅಗತ್ಯವೇ ಇಲ್ಲದ ಹಾಗೆ ವ್ಯವಸ್ಥೆ ಇದೆ, ಅದು ಇನ್ನೂ ಕೆಟ್ಟದ್ದು. ಆ ಉತ್ತರವನ್ನೂ ಜಾಬ್ ಕಾರ್ಡನ್ನೂ ಸೇರಿಸಿ ಸುರಕ್ಷತಾ ವಿಭಾಗಕ್ಕೆ ಕಳಿಸಿದೆ. ಈ ದಿನಾಂಕವನ್ನು ಕಂಪನಿಯಿಂದ ಮತ್ತೆ ಕೇಳುತ್ತೇವೆ ಅಂತ ಅಲ್ಲಿಂದ ಎರಡು ಸಾಲಿನ ಪತ್ರ ಬಂತು.

ಕೊನೆಗೆ ಪಂಪ್ ಬಂತು. ಹಾಕುವ ಮೊದಲು ನಾನು ಡಬ್ಬಿಯ ಮೇಲಿನ ಪಾರ್ಟ್ ನಂಬರ್ ಕೇಳಿದೆ. ಮ್ಯಾನೇಜರಿಗೆ ಈಗ ನನ್ನ ಪರಿಚಯ ಚೆನ್ನಾಗಿ ಆಗಿತ್ತು, ಏನೂ ಮಾತಾಡದೆ ತೋರಿಸಿದರು. ಹಳೆಯದಕ್ಕಿಂತ ಕೊನೆಯ ಎರಡು ಅಂಕಿ ಬೇರೆ ಇತ್ತು. ಅದನ್ನೇ ಜಾಬ್ ಕಾರ್ಡಿನಲ್ಲಿ ಬರೆಯಿಸಿದೆ. ಇದು ಅತಿ ಅನಿಸಬಹುದು. ಟಕಾಟಾ ಪ್ರಕರಣದಲ್ಲಿ ಕೆಲವು ಕಾರುಗಳಿಗೆ ತಾತ್ಕಾಲಿಕವಾಗಿ ಅದೇ ಬಗೆಯ ಹೊಸ ಇನ್‌ಫ್ಲೇಟರ್ ಹಾಕಿ, ಆಮೇಲೆ ಅವನ್ನೂ ಮತ್ತೆ ಬದಲಿಸಬೇಕಾಯಿತು. ಅದು ಗೊತ್ತಿದ್ದವರಿಗೆ ಅತಿ ಅನಿಸುವುದಿಲ್ಲ. ಹಳೆಯ ಪಂಪನ್ನು ನೋಡಬೇಕು ಅಂದೆ. ಕೈಗೆ ಕೊಡಲು ಬರುವುದಿಲ್ಲ, ಕಂಪನಿಗೆ ವಾಪಸ್ ಕಳಿಸಬೇಕು ಅಂದರು. ದೂರದಿಂದ ತೋರಿಸಿದರು. ಕೆಲಸ ಮುಗಿದ ಮೇಲೆ ನಮ್ಮ ಹಿರಿಯ ಮೆಕ್ಯಾನಿಕ್ಕೇ ಕೀ ತಂದುಕೊಟ್ಟರು. ಇಬ್ಬರೂ ಮೊದಲ ಸಲ ನೋಡಿದವರ ಹಾಗೆ ನಕ್ಕೆವು.

ದುಡ್ಡಿನ ಲೆಕ್ಕ ಇನ್ನೂ ಅರ್ಧದಲ್ಲಿದೆ. ರೀಕಾಲಿಗೆ ಮೊದಲು ಅದೇ ದೋಷಕ್ಕೆ ಖರ್ಚು ಮಾಡಿದ್ದರೆ ಬಿಲ್ ಕೊಟ್ಟು ವಾಪಸ್ ಕೇಳಬಹುದು ಅಂತ ಪತ್ರದಲ್ಲೇ ಇತ್ತು. ಟೋ ಮಾಡಿಸಿದ ದುಡ್ಡು ಬಂತು. ಟ್ಯಾಂಕ್ ಕ್ಲೀನ್ ಮಾಡಿಸಿದ್ದನ್ನು ಒಪ್ಪಲಿಲ್ಲ, ಅದು ಪಂಪಿನ ರಿಪೇರಿ ಅಲ್ಲವಂತೆ. ನಿಮ್ಮ ವರ್ಕ್‌ಶಾಪೇ ಪಂಪಿನ ದೋಷವನ್ನು ಪೆಟ್ರೋಲಿನ ದೋಷ ಅಂತ ತಿಳಿದು ಮಾಡಿಸಿದ್ದು ಅಂತ ವಾಪಸ್ ಬರೆದಿದ್ದೇನೆ.

ಚಿಕ್ಕಪ್ಪನ ಮಗನ ಸ್ನೇಹಿತನೊಬ್ಬ ಇದೇ ಮಾಡೆಲ್ಲನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಾನೆ. ಅವನಿಗೆ ಯಾವ ಪತ್ರವೂ ಬಂದಿರಲಿಲ್ಲ, ಬಂದಿದ್ದರೆ ಹಳೆಯ ಮಾಲೀಕನ ವಿಳಾಸಕ್ಕೆ ಹೋಗಿರುತ್ತದೆ. ಚಾಸಿ ನಂಬರ್ ಕಳಿಸು ಅಂದೆ, ನಾನೇ ಹಾಕಿ ನೋಡಿದೆ. ರೀಕಾಲಿನಲ್ಲಿ ಇತ್ತು. ಅವನ ಪಂಪಿಗೆ ಮುಂದಿನ ವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಅಲ್ಲಿಯವರೆಗೆ ಹೆದ್ದಾರಿಗೆ ಇಳಿಯಬೇಡ ಅಂತ ಹೇಳಿದ್ದೇನೆ.